ನಾ.ಕೇ. ಮತದವರು

ಸ್ಮಶಾನದ ಕಚೇರಿಯ ಗುಮಾಸ್ತೆ ಅರ್ಜಿಯನ್ನು ಕಿಟಕಿಯ ಸಂದಿಯಿಂದ ವಾಪಸು ತಳ್ಳಿದಳು.

“ಆರನೇದು ಖಾಲಿ ಬಿಟ್ಟಿದ್ದೀರಲ್ಲ.”

ಮಗಳು ನೋಡಿದಳು. ಹೆಸರು, ವಯಸ್ಸು, ಉದ್ಯೋಗ, ಸತ್ತ ದಿನ, ಕಾರಣ. ಐದನ್ನೂ ದುಂಡಗೆ, ಗೆರೆ ದಾಟದ ಹಾಗೆ ಬರೆದಿದ್ದಳು. ಆ ಅಕ್ಷರ ಅಮ್ಮ ತಿದ್ದಿಸಿದ್ದು. ಆರನೆಯದು ಧರ್ಮ. ಅಲ್ಲಿ ಏನೂ ಇರಲಿಲ್ಲ.

“ಅದು ಗೊತ್ತಿಲ್ಲ.”

“ಸತ್ತವರು ನಿಮಗೇನಾಗಬೇಕು?”

“ಅಮ್ಮ.”

ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿದಳು. ಎಡಗಡೆಯ ಗಾಜಿಗೆ ಗೀರು ಬಿದ್ದಿದೆ, ಬದಲಾಯಿಸಬೇಕು ಎಂದು ಮಗಳಿಗೆ ಅನ್ನಿಸಿತು. ಹನ್ನೆರಡು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು ಅವಳು. ಅಮ್ಮ ಸತ್ತು ಹದಿನಾಲ್ಕು ಗಂಟೆಯಾಗಿತ್ತು, ಅಳು ಬಂದಿರಲಿಲ್ಲ. ಬರಬೇಕು ಎಂದು ಗೊತ್ತಿತ್ತು, ಬಂದಿರಲಿಲ್ಲ. ಕಣ್ಣಿಗೆ ಬೀಳುತ್ತಿದ್ದದ್ದೆಲ್ಲ ಇಂಥವೇ, ಗೀರು, ಕಲೆ, ಸಡಿಲವಾದ ತಿರುಪು.

“ಅಮ್ಮನ ಧರ್ಮ ಗೊತ್ತಿಲ್ಲ ಅಂದ್ರೆ ಹೇಗಮ್ಮ? ಹಡೆದ ತಾಯಿ ತಾನೆ?”

“ಹುಟ್ಟಿದ ಮನೇದೊಂದು, ಸೇರಿದ ಮನೇದೊಂದು. ಎರಡರಲ್ಲಿ ಅವಳದು ಯಾವುದು ಅಂತ ಯಾವತ್ತೂ ಹೇಳಲಿಲ್ಲ.” ಮಗಳು ಎರಡರ ಹೆಸರನ್ನೂ ಹೇಳಿದಳು.

ಗುಮಾಸ್ತೆ ಕೆಟ್ಟವಳಲ್ಲ. ದಿನಕ್ಕೆ ಹತ್ತು ಹೆಣದ ಕಾಗದ ನೋಡುವವಳ ದನಿ ಹೇಗಿರಬೇಕೋ ಹಾಗಿತ್ತು, ಅಷ್ಟೆ. ಚಹಾದ ಲೋಟ ಇಟ್ಟುಕೊಂಡಿದ್ದ ದಪ್ಪ ಪುಸ್ತಕವನ್ನು ಬೆರಳಿಂದ ಕುಟ್ಟಿ ತೋರಿಸಿದಳು. “ನೋಡಿ, ಇದು ಸಂಕೇತ ಪಟ್ಟಿ. ಇದರಲ್ಲಿರೋದನ್ನ ಮಾತ್ರ ನಾನು ಬರ್ಕೊಳೋದು. ನಿಮ್ಮಪ್ಪನ ಕಡೆಯವರದ್ದು ಅಂದ್ರೆ ಪೂರ್ವದ ಭಾಗ. ಅಮ್ಮನ ಕಡೆಯದ್ದು ಅಂದ್ರೆ ಪಶ್ಚಿಮ. ಏನೂ ಗೊತ್ತಿಲ್ಲ ಅಂದ್ರೆ ಇತರೆ.”

“ಇತರೆ ಎಲ್ಲಿ?”

“ಹಿಂದುಗಡೆ, ನಲ್ಲಿ ಹತ್ತಿರ. ಹಲಗೆ ನೆಡಲ್ಲ ಅಲ್ಲಿ, ನಂಬರು ಅಷ್ಟೆ.” ಮತ್ತೆ ಸೇರಿಸಿದಳು. “ಒಂದು ಗಂಟೆಯೊಳಗೆ ತನ್ನಿ. ಗುಂಡಿ ತೋಡೋರು ಊಟಕ್ಕೆ ಹೋದ್ರೆ ಮುಗೀತು. ನಾಳೆ ರಜ, ನಾಡಿದ್ದೂ ರಜ. ಮನೇಲಿ ಎಷ್ಟು ದಿನ ಇಟ್ಕೊಳ್ತೀರಿ?”

ಮಗಳು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ಗೋಡೆಯ ಗಡಿಯಾರ ಹತ್ತು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

*

ಸತ್ತವಳನ್ನು ಆ ಬೀದಿಗಳಲ್ಲೆಲ್ಲ ಗಣತಿಯಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಅಂಕಿ ಅಂಶದ ಕಚೇರಿಗೆ ಮನೆ ಮನೆ ಸಮೀಕ್ಷೆ ಮಾಡಿದವಳು. ಕಾಯಂ ನೌಕರಿಯಲ್ಲ, ದಿನಗೂಲಿ. ಬಾಗಿಲು ತಟ್ಟುವುದು, ಹದಿನಾರು ಪ್ರಶ್ನೆ ಕೇಳುವುದು, ಬರೆದುಕೊಳ್ಳುವುದು, ಮುಂದಿನ ಬಾಗಿಲು. ಮನೆಯಲ್ಲಿ ಎಷ್ಟು ಜನ, ಎಷ್ಟು ಕಿಟಕಿ, ನೀರು ಎಲ್ಲಿಂದ ಎನ್ನುವುದೆಲ್ಲ ಸುಲಭ. ಕಷ್ಟವಿದ್ದದ್ದು ಕೊನೆಯ ಮೂರು. ಹದಿನಾಲ್ಕನೆಯದು, ಮನೆಯ ಒಟ್ಟು ವರಮಾನ ಎಷ್ಟು. ಹದಿನೈದನೆಯದು, ಧರ್ಮ ಯಾವುದು. ಹದಿನಾರನೆಯದು, ಸರಿ ಯಾವುದು ತಪ್ಪು ಯಾವುದು ಎಂದು ತಿಳಿಯದಿದ್ದಾಗ ಯಾರನ್ನು ಕೇಳುತ್ತೀರಿ.

“ವರಮಾನ ಕೇಳಿದ್ರೆ ದನಿ ಇಳಿಸ್ತಾರೆ, ಧರ್ಮ ಕೇಳಿದ್ರೆ ದನಿ ಏರಿಸ್ತಾರೆ, ಹದಿನಾರನೇದು ಕೇಳಿದ್ರೆ ಬಾಗಿಲ ಕಡೆ ನೋಡ್ತಾರೆ,” ಎಂದು ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳುತ್ತಿದ್ದಳು.

ಅವಳದೊಂದು ಹಟ ಇತ್ತು. ಬಾಯಿಂದ ಬಂದದ್ದನ್ನು ಮಾತ್ರ ಬರೆಯಬೇಕು. ಊಹಿಸಿ ಬರೆಯುವ ಹಾಗಿಲ್ಲ, ಮುಖ ನೋಡಿ ಬರೆಯುವ ಹಾಗಿಲ್ಲ, ಪಕ್ಕದ ಮನೆಯವರು ಹೇಳಿದ್ದನ್ನಂತೂ ಇಲ್ಲವೇ ಇಲ್ಲ. ಉಳಿದ ಗಣತಿದಾರರು ತಡವರಿಸಿದವರನ್ನೆಲ್ಲ ‘ಇತರೆ’ಗೆ ಗುಡಿಸಿ ಹಾಕಿ ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದರು. ಇವಳು ತಡವರಿಸಿದವರ ಮುಂದೆ ಪೆನ್ಸಿಲಿನಲ್ಲಿ ‘ನಾ.ಕೇ.’ ಎಂದು ಬರೆಯುವಳು. ನಾಳೆ ಕೇಳುವುದು ಎಂದರ್ಥ. ಮರುದಿನ ಹೋಗಿ ಕೇಳುವಳು. ಉತ್ತರ ಬಂದರೆ ಉಜ್ಜಿ ಇಂಕಿನಲ್ಲಿ ಬರೆಯುವಳು, ಬರದಿದ್ದರೆ ಹಾಗೇ ಬಿಡುವಳು. ಅದಕ್ಕೇ ಅವಳ ಚಪ್ಪಲಿ ವರ್ಷಕ್ಕೆ ಎರಡು ಜೊತೆ ಸವೆಯುತ್ತಿದ್ದವು.

ಮಗಳಿಗೆ ಹದಿಮೂರು ವರ್ಷವಾಗಿದ್ದಾಗ ಆ ವರ್ಷದ ವರದಿ ಅಚ್ಚಾಗಿ ಬಂತು. ಅಮ್ಮ ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟು, ಮಾತಾಡದೆ ಒಂದು ಪುಟ ತೆಗೆದು ತೋರಿಸಿದಳು. ಧರ್ಮವಾರು ಕುಟುಂಬಗಳ ಪಟ್ಟಿ. ಅದರಲ್ಲಿ ಹದಿನೇಳನೆಯ ಸಾಲು: ‘ನಾಕೆ. ಕುಟುಂಬಗಳು 212.’

ಬೆರಳಚ್ಚಿನವನು ಚುಕ್ಕಿಗಳನ್ನು ನುಂಗಿ, ದೀರ್ಘವನ್ನೂ ಕತ್ತರಿಸಿ, ಅದೊಂದು ಮತವೇ ಇರಬೇಕೆಂದು ತಿಳಿದು ಸೇರಿಸಿಬಿಟ್ಟಿದ್ದ.

ಅಪ್ಪ ನಕ್ಕ ನಗೆಗೆ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. “ಇನ್ನೂರ ಹನ್ನೆರಡು ಮನೆ ಕಣೇ! ಒಂದು ವರ್ಷದಲ್ಲಿ ಒಂದು ಮತ ಕಟ್ಟಿಬಿಟ್ಟೆ! ದೊಡ್ಡ ದೊಡ್ಡೋರಿಗೇ ಆಗಿರಲಿಲ್ಲ.”

“ಸುಮ್ನಿರಿ. ನಂಗೆ ಹೊಟ್ಟೆ ಉರೀತಿದೆ.”

“ಯಾಕೆ ಉರ್ಕೊಳ್ತೀಯ? ಬಾ, ನಾವೂ ಸೇರ್ಕೊಳೋಣ. ನಿಮ್ಮವರೂ ಬೇಡ ನಮ್ಮವರೂ ಬೇಡ. ಇನ್ನೂರ ಹದಿಮೂರನೇದು ನಮ್ಮನೆ.”

ಆಗ ಅಮ್ಮನೂ ನಕ್ಕಳು, ಕಣ್ಣೊರೆಸಿಕೊಂಡು ನಕ್ಕಳು. ಕಚೇರಿಯಲ್ಲಿ ಹೇಳಿದಾಗ ತಿದ್ದುಪಡಿ ಬರುತ್ತದೆ ಎಂದರು. ಅದು ಬಂದದ್ದನ್ನು ಯಾರೂ ನೋಡಲಿಲ್ಲ.

*

ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಮೆಟ್ಟಿಲ ಮೇಲೂ ಜನ. ಅವರಲ್ಲಿ ಅರ್ಧಕ್ಕರ್ಧ ಅವಳು ಬಾಗಿಲು ತಟ್ಟಿದ ಮನೆಗಳವರು. ಅಮ್ಮನನ್ನು ಮುಂದಿನ ಕೋಣೆಯ ಮಂಚದ ಮೇಲೆ ಮಲಗಿಸಿದ್ದರು. ಹಿಂದಿನ ಸಂಜೆ ಅದೇ ಮಂಚದ ಅಂಚಿನಲ್ಲಿ ಕೂತು ಪೆನ್ಸಿಲ್ ಹೆರೆಯುತ್ತಿದ್ದಳು. “ಸ್ವಲ್ಪ ಸುಸ್ತು ಕಣೇ” ಎಂದಳು, ಒರಗಿಕೊಂಡಳು, ಅಷ್ಟೆ. ಹೆರೆದ ಸಿಪ್ಪೆ ಇನ್ನೂ ಕಿಟಕಿಯ ಕಟ್ಟೆಯ ಮೇಲಿತ್ತು. ಯಾರೋ ಗುಡಿಸಲು ಹೋದಾಗ ಮಗಳು ಬೇಡ ಎಂದಿದ್ದಳು.

“ಏನಾಯ್ತು? ಬರ್ಕೊಂಡ್ರಾ?” ದೊಡ್ಡಪ್ಪ ಬಾಗಿಲಲ್ಲೇ ಹಿಡಿದರು. ಅಪ್ಪನ ಅಣ್ಣ, ಚಪ್ಪಲಿ ಅಂಗಡಿಯವರು.

“ಧರ್ಮ ಬರೀಬೇಕಂತೆ. ಒಂದು ಗಂಟೆಯೊಳಗೆ.”

“ಅದಕ್ಕೇನು ಯೋಚನೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಮ್ಮನೆ ಸೊಸೆ ಅವಳು. ನಿಮ್ಮಪ್ಪನ ಪಕ್ಕದ ಜಾಗ ಹನ್ನೊಂದು ವರ್ಷದಿಂದ ಹಾಗೇ ಇಡಿಸಿದ್ದೀನಿ, ಇನ್ನೊಬ್ಬರಿಗೆ ಕೊಡೋಕೆ ಬಿಟ್ಟಿಲ್ಲ. ನಮ್ಮವಳು ಅಂತ ಬರಿ, ಗುರುಗಳಿಗೆ ಹೇಳಿ ಕಳಿಸ್ತೀನಿ.”

ಒಳಕೋಣೆಯಿಂದ ಚಿಕ್ಕಮ್ಮ ಬಂದೇಬಿಟ್ಟಳು. ಅಮ್ಮನ ತಂಗಿ, ಆಸ್ಪತ್ರೆಯಲ್ಲಿ ದಾದಿ, ಅತ್ತು ಅತ್ತು ಮುಖ ಊದಿತ್ತು. “ಏನಂದ್ರಿ? ನಮ್ಮವಳಾ? ಬದುಕಿದ್ದಾಗ ಒಂದು ದಿನ ಬಾಯ್ತುಂಬ ನಮ್ಮವಳು ಅಂದಿದ್ರಾ? ಮದುವೆಯಾದ ದಿನ ಮುಖದ ಮೇಲೆ ಬಾಗಿಲು ಹಾಕ್ಕೊಂಡೋರು ನೀವು.”

“ನೀವೇನು ತೋರಣ ಕಟ್ಟಿದ್ರಾ? ನೀವೂ ಹಾಕಿದ್ರಿ ಬಾಗಿಲು.”

“ಹಾಕಿದ್ವಿ. ಕಿಟಕಿ ತೆಗೆದಿತ್ತು ನಮ್ಮದು!”

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿ ಮುಚ್ಚಿಕೊಂಡರು. ಸಾವಿನ ಮನೆಯ ನಗು ಬಿಕ್ಕಳಿಕೆ ಇದ್ದ ಹಾಗೆ, ತಡೆದಷ್ಟೂ ಬರುತ್ತದೆ.

“ತಿಂಗಳಿಗೊಂದು ಸಲ ನಮ್ಮ ಪ್ರಾರ್ಥನೆ ಮನೆಗೆ ಬರ್ತಿದ್ಲು,” ಎಂದಳು ಚಿಕ್ಕಮ್ಮ. “ಹಿಂದಿನ ಸಾಲಲ್ಲಿ ಕೂರ್ತಿದ್ಲು. ನಾನೇ ಕಣ್ಣಾರೆ ನೋಡಿದ್ದೀನಿ. ಇವಳನ್ನ ಪಶ್ಚಿಮಕ್ಕೇ ಹಾಕಬೇಕು, ನಮ್ಮ ಅವ್ವನ ಹತ್ತಿರ.”

“ನಮ್ಮಲ್ಲಿಗೂ ಬರ್ತಿದ್ಲು. ನಾನೂ ನೋಡಿದ್ದೀನಿ. ಹಿಂದಿನ ಸಾಲೇ.”

ಗೋಡೆಗೊರಗಿ ಕೂತಿದ್ದ ಟೈಲರಮ್ಮ ತಲೆಯೆತ್ತಿದಳು. ಎರಡು ಬೀದಿಯಾಚೆ ಬಟ್ಟೆ ಹೊಲಿಯುವ ಮುದುಕಿ, ಕುತ್ತಿಗೆಯಲ್ಲಿ ಅಳತೆಯ ಟೇಪು ಇವತ್ತೂ ಹಾಗೇ ನೇತಾಡುತ್ತಿತ್ತು. “ಜಗಳ ಆಡಬೇಡಿ. ಅವರು ಬರ್ತಿದ್ದದ್ದು ನಮ್ಮನ್ನ ಹಿಡಿಯೋಕೆ. ವಾರವೆಲ್ಲ ಯಾರ ಮನೆ ಬಾಗಿಲೂ ತೆಗೆದಿರಲ್ಲ, ಎಲ್ಲರೂ ಕೆಲಸಕ್ಕೆ ಹೋಗಿರ್ತಾರೆ. ಪ್ರಾರ್ಥನೆ ದಿನ ಒಂದೇ ಕಡೆ ಸಿಗ್ತಾರಲ್ಲ. ಮುಗಿಸಿ ಹೊರಗೆ ಬರೋಷ್ಟರಲ್ಲಿ ಪೆನ್ಸಿಲ್ ಹಿಡ್ಕೊಂಡು ನಿಂತಿರೋರು, ‘ಹದಿನಾರನೇದು ಬಾಕಿ ಇತ್ತಲ್ಲಮ್ಮ’ ಅಂತ.”

ಇಬ್ಬರೂ ಅವಳ ಕಡೆ ತಿರುಗಿದರು. ಮತ್ತೆ ಶುರು ಮಾಡಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ನಡುವೆ ನಿಂತ ಮಗಳಿಗೆ ಎರಡು ಬಾಯಿಗಳು ತೆರೆದು ಮುಚ್ಚುವುದು ಮಾತ್ರ ಕಾಣುತ್ತಿತ್ತು. ಇಬ್ಬರ ಮೇಲೂ ಕೋಪವಿರಲಿಲ್ಲ. ಯಾವುದೂ ಇರಲಿಲ್ಲ. ಅವಳ ತಲೆಯಲ್ಲಿದ್ದದ್ದು ಒಂದೇ, ಜೇಬಿನಲ್ಲಿದ್ದ ಕಾಗದ. ಊಹಿಸಿ ಒಂದಕ್ಷರ ಬರೆಯದೆ ಮೂವತ್ತು ವರ್ಷ ಕಳೆದವಳ ಕೊನೆಯ ಅರ್ಜಿಗೆ ತಾನು ಊಹಿಸಿ ಬರೆಯುವುದು ಹೇಗೆ? ಬರೆಯದಿದ್ದರೆ ಇತರೆ. ಅದೇ ಇತರೆಗೆ ಯಾರೂ ಬೀಳದಿರಲಿ ಎಂದು ತಾನೇ ಅಮ್ಮ ಅಷ್ಟು ಮೆಟ್ಟಿಲು ಹತ್ತಿದ್ದು.

“ನೀನೇ ಹೇಳು ಮಗಳೇ,” ಎಂದರು ದೊಡ್ಡಪ್ಪ.

“ಹೌದು, ಇವಳೇ ಹೇಳ್ಲಿ,” ಎಂದಳು ಚಿಕ್ಕಮ್ಮ.

ಆ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಪ್ಪಿದರು. ಹನ್ನೊಂದೂವರೆಯಾಗಿತ್ತು.

*

ಟೈಲರಮ್ಮನ ವಿಷಯ ಮಗಳು ಮೊದಲು ಕೇಳಿದ್ದು ಹತ್ತನೆಯ ವಯಸ್ಸಿನಲ್ಲಿ, ಅಡುಗೆಮನೆಯ ಮೇಜಿನ ಮುಂದೆ. ನೋಡಿದ್ದಲ್ಲ, ಕೇಳಿದ್ದು.

“ಏನೇ, ಇದು ಸರೀನಾ ಹೇಳು,” ಎಂದಿದ್ದಳು ಅಮ್ಮ. ಅಮ್ಮನದು ಅದೊಂದು ಅಭ್ಯಾಸ. ಈ ಶಾಲು ಸರೀನಾ, ಆ ಮಾತು ಅಂದಿದ್ದು ಸರೀನಾ, ಅಂಗಡಿಯವನು ಜಾಸ್ತಿ ಚಿಲ್ಲರೆ ಕೊಟ್ಟಿದ್ದ, ವಾಪಸು ಕೊಡೋದು ಸರೀನಾ. ಮಗಳು ಬಾಯಲ್ಲಿ ತುತ್ತಿಟ್ಟುಕೊಂಡೇ ಏನಾದರೊಂದು ಹೇಳುತ್ತಿದ್ದಳು.

“ಒಬ್ಬಳು ಹೆಂಗಸು ಇದ್ದಾಳೆ. ಗಂಡ ಇಲ್ಲ, ಮೂರು ಮಕ್ಕಳು. ವರಮಾನ ಕೇಳಿದ್ರೆ ಪಾತ್ರೆ ತೊಳೆಯೋದು ಒಂದೇ ಅಂದ್ಲು. ಸಹಾಯದ ಪಟ್ಟಿಗೆ ಸೇರೋಕೆ ಅಷ್ಟು ಕಮ್ಮಿ ಇರಬೇಕು. ಆದ್ರೆ ಮೂಲೇಲಿ ಹೊದಿಕೆ ಹೊದಿಸಿ ಏನೋ ಇಟ್ಟಿದ್ಲು. ಹೊದಿಕೆ ಕೆಳಗೆ ಕಬ್ಬಿಣದ ಕಾಲು ಕಾಣ್ತಿತ್ತು.”

“ಹೊಲಿಗೆ ಯಂತ್ರನಾ?”

“ಹೂಂ. ಏನು ಬರೀಲಿ?”

ಮಗಳು ಯೋಚನೆ ಮಾಡಿದಳು. ಇದು ಶಾಲಿನ ಹಾಗಲ್ಲ ಎಂದು ಗೊತ್ತಾಗಿ ಅಗಿಯುವುದನ್ನು ನಿಲ್ಲಿಸಿದಳು. “ಬಾಯಿಂದ ಬಂದದ್ದು ಮಾತ್ರ ಅಂತ ನೀನೇ ಹೇಳ್ತೀಯಲ್ಲ. ಹೊದಿಕೆ ಮಾತಾಡಲಿಲ್ಲವಲ್ಲ.”

ಅಮ್ಮ ಅವಳನ್ನು ತುಸು ಹೊತ್ತು ನೋಡಿ ಇಂಕಿನ ಪೆನ್ನು ತೆಗೆದಳು. ಹೇಳಿದ್ದಷ್ಟನ್ನೇ ಬರೆದಳು. ಮಗಳು ಅದನ್ನು ಅಲ್ಲಿಗೇ ಮರೆತಳು.

*

ರಬ್ಬರ್ ಮಾಸ್ತರು ಬಂದಾಗ ಹನ್ನೆರಡು ಗಂಟೆ. ಕಚೇರಿಯಲ್ಲಿ ಎಲ್ಲರ ನಮೂನೆಗಳನ್ನೂ ತಿದ್ದಿ ನೋಡುತ್ತಿದ್ದ ಹಳೆಯ ಮೇಲ್ವಿಚಾರಕರು. ಜೇಬಲ್ಲಿ ಸದಾ ರಬ್ಬರ್ ಇರುತ್ತಿದ್ದುದರಿಂದ ಆ ಹೆಸರು. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ, ಹೆಣದ ಮುಂದೆ ಎರಡು ನಿಮಿಷ ನಿಂತು, ಮಗಳನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದರು. ಅವಳು ಖಾಲಿ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

“ನಿಮಗೊಂದು ಕೊಡಬೇಕಿತ್ತು,” ಎಂದು ಕವರಿನಿಂದ ಹಳದಿಗಟ್ಟಿದ ನಮೂನೆ ತೆಗೆದರು. “ಗಣತಿದಾರರು ತಮ್ಮ ಮನೇನ ತಾವೇ ಎಣಿಸೋ ಹಾಗಿಲ್ಲ. ನಿಮ್ಮನೆ ನನ್ನ ಪಾಲಿಗೆ ಬಂದಿತ್ತು. ಹತ್ತೊಂಬತ್ತು ವರ್ಷ ನಾನೇ ಎಣಿಸಿದ್ದು. ಇದು ಕೊನೇ ವರ್ಷದ್ದು. ಹಳೇದನ್ನೆಲ್ಲ ರದ್ದಿಗೆ ಹಾಕುವಾಗ ಇದೊಂದು ಮನೆಗೆ ತಂದಿಟ್ಕೊಂಡೆ.”

ಮಗಳು ಓದಿದಳು. ಜನ: ಇಬ್ಬರು. ಕಿಟಕಿ: ಮೂರು. ವರಮಾನ: ಅಮ್ಮನ ದಿನಗೂಲಿ, ತನ್ನ ಸಂಬಳ, ರೂಪಾಯಿ ಪೈಸೆ ಸಮೇತ. ಧರ್ಮದ ಮುಂದೆ ಪೆನ್ಸಿಲಿನಲ್ಲಿ ನಾ.ಕೇ.

“ಮರುದಿನ ಕೇಳಲಿಲ್ವಾ ನೀವು?”

“ಕೇಳದೆ? ಪ್ರತಿ ವರ್ಷ ಮರುದಿನ ಬಂದು ಕೇಳಿದೀನಿ. ‘ಇನ್ನೂ ತಿಳೀಲಿಲ್ಲ ಮಾಸ್ತರೇ, ನಾಳೆ ಕೇಳಿ’ ಅನ್ನೋರು. ನಾನು ತಮಾಷೆ ಅಂದ್ಕೊಂಡಿದ್ದೆ ಮೊದಮೊದಲು. ತಮಾಷೆ ಅಲ್ಲ ಅದು. ನಿಜವಾಗ್ಲೂ ಯೋಚನೆ ಮಾಡಿ ಹೇಳೋರು.” ಅವರು ಬೆರಳು ಕೆಳಗಿನ ಸಾಲಿಗೆ ಸರಿಸಿದರು. “ಇದು ನೋಡಿ.”

ಹದಿನಾರನೆಯ ಪ್ರಶ್ನೆಗೆ ಐದು ಚೌಕಗಳಿದ್ದವು. ಧರ್ಮಗುರು, ಹಿರಿಯರು, ಪುಸ್ತಕ, ಸ್ವಂತ ಬುದ್ಧಿ, ಇತರೆ. ಐದೂ ಖಾಲಿ. ಪಕ್ಕದ ಅಂಚಿನಲ್ಲಿ, ಗೆರೆಯಾಚೆ, ಇಂಕಿನಲ್ಲಿ ಒಂದೇ ಪದ ಇತ್ತು.

‘ಮಗಳನ್ನು.’

“ಹತ್ತೊಂಬತ್ತು ವರ್ಷವೂ ಇದೇ. ಇತರೆಗೆ ಗುರುತು ಹಾಕ್ತೀನಿ ಅಂದ್ರೆ ಬಿಡ್ತಿರಲಿಲ್ಲ. ಇಂಕಲ್ಲೇ ಬರೀರಿ, ಇದು ಬದಲಾಗಲ್ಲ ಅನ್ನೋರು.”

ಮಗಳು ಹಾಳೆಯನ್ನು ಬೆಳಕಿಗೆ ಹಿಡಿದಳು. ಪದವನ್ನು ಮತ್ತೊಮ್ಮೆ ಓದಿದಳು. ಮಾಸ್ತರ ಕೈಬರಹ ಬಲಕ್ಕೆ ವಾಲುತ್ತದೆ ಎಂಬುದು ಕಾಣಿಸಿತು.

“ಆ ಹೊಲಿಗೆ ಯಂತ್ರದ ವರ್ಷ ಹಾಗೆ ಬರೆಯೋಕೆ ನೀವೇ ಹೇಳಿದ್ದಂತೆ,” ಎಂದರು ಮಾಸ್ತರು, ಒಲೆಯ ಕಡೆ ನೋಡುತ್ತ. “ಆ ಸಲ ಇವರನ್ನ ಕಾಯಂ ಮಾಡಬೇಕು ಅಂತಿತ್ತು. ಒಂದು ವರ್ಷ ತಪ್ಪಿಲ್ಲದ ನಮೂನೆ ಕೊಡಬೇಕಿತ್ತು ಅಷ್ಟೆ. ಮರುತಪಾಸಣೆಗೆ ನಾನೇ ಹೋದೆ. ಯಂತ್ರ ಸಿಕ್ತು. ಕಣ್ಣಿಗೆ ಬಿದ್ದಿತ್ತಾ ಅಂತ ಮೇಲಿನವರು ಕೇಳಿದ್ರು. ಇವರು ಹೌದು ಅಂದ್ರು. ಬಿದ್ದಿಲ್ಲ ಅಂದಿದ್ರೆ ಮುಗೀತಿತ್ತು.”

“ಕಾಯಂ ಆಗದೆ ಇದ್ದದ್ದು ಅದಕ್ಕಾ?”

“ಅದಕ್ಕೇ.”

ಹೊರಗೆ ದೊಡ್ಡಪ್ಪನ ದನಿ, ಚಿಕ್ಕಮ್ಮನ ದನಿ. ಮಗಳು ಮನಸ್ಸಲ್ಲೇ ಲೆಕ್ಕ ಹಾಕಿದಳು. ಇಪ್ಪತ್ತಾರು ವರ್ಷದ ದಿನಗೂಲಿ. ಹತ್ತು ವರ್ಷದ ಹುಡುಗಿಯ ಒಂದು ಮಾತಿಗೆ. ಮನೆಯಲ್ಲಿ ಅದರ ಸುದ್ದಿಯೇ ಎದ್ದಿರಲಿಲ್ಲ. ಆಮೇಲೂ ಅಮ್ಮ ಕೇಳುತ್ತಲೇ ಇದ್ದಳು, ಇದು ಸರೀನಾ, ಅದು ಸರೀನಾ.

“ಮತ್ತೆ ನನ್ನನ್ನೇ ಯಾಕೆ ಕೇಳ್ತಿದ್ಲು?”

“ನಾನೂ ಕೇಳಿದೆ, ಇನ್ಮೇಲಾದರೂ ಬೇರೆ ಯಾರನ್ನಾದ್ರೂ ಕೇಳಿ ಅಂತ. ‘ಅವಳು ಹೇಳಿದ್ದು ತಪ್ಪೇನಲ್ಲವಲ್ಲ ಮಾಸ್ತರೇ’ ಅಂದ್ರು.”

ಮಗಳು ಅಳು ಬರಬಹುದೆಂದು ಕಾದಳು. ಬರಲಿಲ್ಲ. ಬದಲಿಗೆ ಕಿಟಕಿಯ ಕಟ್ಟೆಗೆ ಹೋಗಿ, ಸಿಪ್ಪೆಯ ನಡುವೆ ಅರ್ಧ ಹೆರೆದು ಬಿಟ್ಟಿದ್ದ ಪೆನ್ಸಿಲ್ ತುಂಡನ್ನು ತೆಗೆದು ಜೇಬಿಗೆ ಹಾಕಿಕೊಂಡಳು.

“ನಡೀರಿ ಮಾಸ್ತರೇ.”

“ಏನು ಬರೀತೀರಿ?”

“ಅವಳು ಹೇಳಿದ್ದು.”

*

ದೊಡ್ಡಪ್ಪನೂ ಚಿಕ್ಕಮ್ಮನೂ ಬೆನ್ನು ಬಿಡದೆ ಬಂದರು, ರಸ್ತೆಯ ಆ ಬದಿಗೊಬ್ಬರು ಈ ಬದಿಗೊಬ್ಬರು. ಕಿಟಕಿ ತಲುಪಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತೆ ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದಳು.

ಮಗಳು ಅರ್ಜಿ ಬಿಡಿಸಿ ಒಳಗೆ ತಳ್ಳಿದಳು. ಆರನೆಯ ಕಾಲಂನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: ನಾ.ಕೇ.

“ಇದೇನಿದು?”

“ಅಮ್ಮ ಹೇಳ್ತಿದ್ದದ್ದು ಇದೇ. ಕೇಳಿದೋರು ಇಲ್ಲೇ ಇದ್ದಾರೆ.”

“ಪೆನ್ಸಿಲಲ್ಲಿ ಬರೆದ್ರೆ ನಡೆಯಲ್ಲ. ಪಟ್ಟಿಯಲ್ಲಿ ಇರಬೇಕು. ಇಲ್ದಿದ್ರೆ ಇತರೆ, ಆಗಲೇ ಹೇಳಿದೆನಲ್ಲ.”

“ಪಟ್ಟಿ ಎಲ್ಲಿಂದ ಬಂದಿದ್ದು?” ಮಾಸ್ತರು ಕೇಳಿದರು. ಅವರ ದನಿ ಬೇರೆಯಾಗಿತ್ತು.

“ಅಂಕಿ ಅಂಶದ ಕಚೇರಿದು. ಎಲ್ಲ ಕಡೆ ಅದೇ.”

“ಹದಿನೇಳನೇದು ನೋಡಿ.”

ಗುಮಾಸ್ತೆ ನಿಟ್ಟುಸಿರು ಬಿಟ್ಟು, ಲೋಟ ಸರಿಸಿ, ಪುಟ ತಿರುವಿದಳು. ಬೆರಳು ಕೆಳಗಿಳಿಯಿತು, ನಿಂತಿತು. ಕನ್ನಡಕ ಸರಿಮಾಡಿಕೊಂಡಳು.

“ನಾಕೆ,” ಎಂದು ಓದಿದಳು. “ಅರೆ, ಇದೆಯಲ್ಲ! ಹದಿನೇಳು, ನಾಕೆ. ನಾನು ನೋಡೇ ಇರಲಿಲ್ಲ. ಮೊದಲೇ ಹೇಳೋದಲ್ವಾ ಅಮ್ಮ?”

ಹಿಂದಿನಿಂದ ದೊಡ್ಡಪ್ಪ ಕತ್ತು ಚಾಚಿದರು. “ನಾಕೆನಾ? ಯಾವ ಮತ ಅದು? ನಾನು ಕೇಳೇ ಇಲ್ಲ.”

“ಇನ್ನೂರ ಹನ್ನೆರಡು ಮನೆ ಇತ್ತು ಸಾರ್, ಅಚ್ಚಾದ ಲೆಕ್ಕದಲ್ಲೇ,” ಎಂದರು ರಬ್ಬರ್ ಮಾಸ್ತರು, ಮುಖದ ಒಂದು ಗೆರೆಯೂ ಅಲುಗದೆ. ಮೂವತ್ತು ವರ್ಷ ಇತರರ ತಪ್ಪನ್ನು ಉಜ್ಜಿದ ಮನುಷ್ಯ, ಇದೊಂದನ್ನು ಉಜ್ಜದೆ ಬಿಟ್ಟರು.

ಗುಮಾಸ್ತೆ ಪುಸ್ತಕದ ಹಿಂದೆ ಅಂಟಿಸಿದ್ದ ಸ್ಮಶಾನದ ನಿಯಮ ಹುಡುಕುತ್ತಿದ್ದಳು. “ನಾಕೆಯವರಿಗೆ ಇಲ್ಲಿ ಬೇರೆ ಭಾಗ ಇಲ್ಲ. ಸ್ವಂತ ಭಾಗ ಇಲ್ಲದ ಮತದೋರನ್ನ ಹತ್ತಿರದ ಸಂಬಂಧಿಕರ ಪಕ್ಕದಲ್ಲಿ, ಜಾಗ ಇದ್ದರೆ, ಅಂತಿದೆ. ಯಾರಾದ್ರೂ ಇದ್ದಾರಾ ಇಲ್ಲಿ?”

“ಅಪ್ಪ. ಪೂರ್ವದಲ್ಲಿ.”

“ಪಕ್ಕ ಖಾಲಿ ಇದೆಯಾ?”

ಮಗಳು ತಿರುಗಿ ದೊಡ್ಡಪ್ಪನನ್ನು ನೋಡಿದಳು. ಅವರು ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ನೆಲ ನೋಡುತ್ತಿದ್ದಳು.

“ನಮ್ಮವಳು ಅಂತ ಬರೆದಿಲ್ಲ,” ಎಂದರು ದೊಡ್ಡಪ್ಪ.

“ಅವರವಳು ಅಂತಾನೂ ಬರೆದಿಲ್ಲ,” ಎಂದಳು ಚಿಕ್ಕಮ್ಮ. ಅವಳ ದನಿಯಲ್ಲಿ ಮೊದಲಿನ ಕಾವಿರಲಿಲ್ಲ. “ಹೋಗ್ಲಿ ಬಿಡಿ. ಹೇಗಿದ್ದಳೋ ಹಾಗೇ ಹೋದ್ಲು ಹಟಮಾರಿ.”

ದೊಡ್ಡಪ್ಪ ತಮ್ಮ ಚಪ್ಪಲಿಯನ್ನೇ ನೋಡಿದರು. ಗಣತಿಯಮ್ಮನಿಗೆ ವರ್ಷಕ್ಕೆರಡು ಜೊತೆ ಅವರೇ ಕೊಡುತ್ತಿದ್ದದ್ದು, ಪ್ರತಿ ಸಲ ‘ದುಡ್ಡು ಬೇಡ’ ಎನ್ನುವರು, ಅವಳು ಪ್ರತಿ ಸಲ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬರುವಳು.

“ಖಾಲಿ ಇದೆ,” ಎಂದರು.

ಗುಮಾಸ್ತೆ ಪೆನ್ಸಿಲಿನ ಅಕ್ಷರದ ಮೇಲೆ ಇಂಕಿನಲ್ಲಿ ದಪ್ಪಗೆ ‘ನಾಕೆ’ ಎಂದು ಬರೆದು ಮೊಹರು ಒತ್ತಿದಳು.

*

ಮೂರೂವರೆಗೆ ಎಲ್ಲ ಮುಗಿದಿತ್ತು. ಯಾವ ಗುರುಗಳೂ ಬರಲಿಲ್ಲ. ನಾಕೆಯವರ ಪದ್ಧತಿ ಏನೆಂದು ತೋಡುವವನು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಟೈಲರಮ್ಮ ಮುಂದೆ ಬಂದು ಒಂದು ಹಿಡಿ ಮಣ್ಣು ಹಾಕಿ, “ಹದಿನಾರನೇದಕ್ಕೆ ನಾನು ಇವರ ಹೆಸರು ಬರೆಸಬೇಕಿತ್ತು, ಬರೆಸಲಿಲ್ಲ,” ಎಂದು ಜೋರಾಗಿ ಅತ್ತಳು. ಉಳಿದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಸಾಲು ಮುಖ್ಯ ಬಾಗಿಲಿನವರೆಗೂ ಇತ್ತು. ರಬ್ಬರ್ ಮಾಸ್ತರು ಬಾಯಲ್ಲೇ ಏನನ್ನೋ ಗುನುಗುತ್ತಿದ್ದರು. ಪ್ರಾರ್ಥನೆ ಎಂದುಕೊಂಡಳು ಮಗಳು, ಆಮೇಲೆ ಗೊತ್ತಾಯಿತು, ಜನ ಎಣಿಸುತ್ತಿದ್ದರು.

ಜನ ಕರಗಿದ ಮೇಲೆ ತೋಡುವವನು ಬಿಳಿ ಬಣ್ಣದ ಹಲಗೆ ತಂದು ನೆಟ್ಟ. ಅಮ್ಮನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಕೆಳಗೆ ಕಪ್ಪು ಬಣ್ಣದಲ್ಲಿ ‘ನಾಕೆ’. ಪಕ್ಕದಲ್ಲಿ ಅಪ್ಪನ ಹಲಗೆ ಹನ್ನೊಂದು ಮಳೆಗಾಲಕ್ಕೆ ಬೂದಿ ಬಣ್ಣವಾಗಿತ್ತು.

ಮಗಳು ಮಂಡಿಯೂರಿ ಕೂತಳು. ಜೇಬಿನಿಂದ ಪೆನ್ಸಿಲ್ ತೆಗೆದಳು. ಅಮ್ಮ ಅರ್ಧಕ್ಕೆ ನಿಲ್ಲಿಸಿದ್ದ ಮೊನೆ, ಒಂದು ಕಡೆ ಮಾತ್ರ ಚೂಪಾಗಿತ್ತು.

“ಪೆನ್ಸಿಲಲ್ಲಾ ಬರೆಯೋದು?” ಎಂದರು ಹಿಂದೆ ನಿಂತಿದ್ದ ದೊಡ್ಡಪ್ಪ, ಮೆಲ್ಲಗೆ. “ಒಂದು ಮಳೆಗೆ ಹೋಗುತ್ತಮ್ಮ.”

“ಹೋದ್ರೆ ಮತ್ತೆ ಬರ್ತೀನಿ.”

ಅವಳು ‘ನಾ’ದ ಪಕ್ಕ ಒಂದು ಚುಕ್ಕಿ ಇಟ್ಟಳು. ‘ಕೆ’ಗೆ ದೀರ್ಘ ಎಳೆದಳು. ಅದರ ಪಕ್ಕ ಇನ್ನೊಂದು ಚುಕ್ಕಿ, ಮರಕ್ಕೆ ಒತ್ತಿ.